ಶೀತಲಳ ಕೆಳಗಿನ ಸಾಲು

ಮುಂಬೈನ ವಿಕ್ರೋಳಿಯ ಆ ಬಿಲ್ಡಿಂಗಿನಲ್ಲಿ ಯಾರ ಮನೆಗೆ ಏನು ಬಂತು ಎಂಬುದು ಶಿವಕುಮಾರಿಯ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತಲಾರದು. ಆ ದಿನ ಮೇಲಿನ ಮನೆಯ ಮಲ್ಲಕ್ಕನಿಗೆ ಜೋಳದ ರೊಟ್ಟಿಯ ಪೊಟ್ಟಣವೊಂದು ಬಂತು. ಅದರ ಮೇಲೆ ಶಿವಕುಮಾರಿಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಶೀತಲಳ ನಗುಮುಖದ ಫೋಟೋ. ಬೆಳಗಾದರೆ ಶಿವಕುಮಾರಿ ರೊಟ್ಟಿ ಬಡಿಯುವ ಸಪ್ಪಳ ಇಡೀ ಬಿಲ್ಡಿಂಗಿಗೆ ಕೇಳಿಸುತ್ತದೆ, ಬೇಕೆಂದವರಿಗೆ ಮಾರುತ್ತಾಳೆ ಕೂಡ. ಆದರೂ ಮಲ್ಲಕ್ಕನ ಮನೆಗೆ ರೊಟ್ಟಿ ಶೀತಲಳಿರುವ ದಾದರ್‌ನಿಂದ ಲೋಕಲ್ ರೈಲು ಹತ್ತಿ ಬಂದಿತ್ತು.

"ಸೊಸಿ ಫೋನಿನ್ಯಾಗ ಹುಡುಕಿದ್ಲವ್ವ," ಎಂದಳು ಮಲ್ಲಕ್ಕ. "ಮೊದಲ ಅಕೀದs ಬಂತಂತ. ನಿಂದು ಎಲ್ಲೂ ಕಾಣಲಿಲ್ಲಂತ."

"ನಾ ಕೆಳಗs ಇದ್ದೀನಲ್ಲ ಮಲ್ಲಕ್ಕ."

"ಈಗಿನವರು ಮೆಟ್ಟಲಾ ಇಳದು ಕೇಳತಾರೇನು?"

ಶಿವಕುಮಾರಿಗೆ ಮೈಯೆಲ್ಲ ಉರಿದುಹೋಯಿತು. ಮುಂಬೈಯಲ್ಲೇ ಹುಟ್ಟಿ ಬೆಳೆದ ಶೀತಲ್ ಮದುವೆಯಾಗಿ ಬಂದಾಗ ಅವಳಿಗೆ ಹಿಟ್ಟು ಕಲಸಲೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪಿದಾಗ ಕೈಗೆ ಒಂದೇಟು ಹಾಕಿ, ರೊಟ್ಟಿ ತಿರುಗಿಸುತ್ತ ಬಡಿಯುವುದನ್ನು ಕಲಿಸಿದವಳು ಇವಳು. ಈಗ ಆ ಹುಡುಗಿ ವೆಬ್‌ಸೈಟ್ ಮಾಡಿಕೊಂಡು ಮುಂಬೈಗೆಲ್ಲ ರೊಟ್ಟಿ ತಿನ್ನಿಸುತ್ತಾಳೆ. ಅದೂ ಹೋಗಲಿ ಎಂದರೆ ಅತ್ತೆ ಲಕ್ಷ್ಮವ್ವ ದಿನಕ್ಕೊಮ್ಮೆಯಾದರೂ "ಸಣ್ಣಾಕಿ ಭಾಳ ಶ್ಯಾಣೇಕಿ" ಎನ್ನದೆ ಊಟಕ್ಕೆ ಕೂರುವುದಿಲ್ಲ. ತಿನ್ನುವುದು ಮಾತ್ರ ದೊಡ್ಡ ಸೊಸೆಯ ರೊಟ್ಟಿ.

ತಾನೂ ವೆಬ್‌ಸೈಟ್ ಮಾಡಬೇಕು, ಹುಡುಕಿದವರಿಗೆ ತನ್ನದೇ ಮೊದಲು ಕಾಣಬೇಕು, ಶೀತಲಳದು ತನ್ನ ಕೆಳಗಿರಬೇಕು. ಬೇರೆ ಯಾವ ಆಸೆಯೂ ಅವಳಿಗೆ ಇರಲಿಲ್ಲ. ಗಂಡ ಸುಭಾಷ ಫ್ಯಾಕ್ಟರಿಗೆ ಹೋದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಒಂದು ಪುಟ ಕಟ್ಟಿದಳು. ಜನ ಹುಡುಕುವ ಮಾತು ಪುಟದಲ್ಲಿ ಇರಬೇಕು ಎಂದು ವಿಡಿಯೋದವನು ಹೇಳಿದ್ದನ್ನು ಕೇಳಿ, ಭಜನೆ ಮಾಡಿದ ಹಾಗೆ "ಜೋಳದ ರೊಟ್ಟಿ ಮುಂಬೈ, ಜೋಳದ ರೊಟ್ಟಿ ಮುಂಬೈ" ಎಂದು ಪುಟ ತುಂಬ ಬರೆದಳು. ಗೂಗಲ್ ಅದಕ್ಕೆ ಕಿವಿಗೊಡಲಿಲ್ಲ. ಹುಡುಕಿದರೆ ಮೇಲೆ ಶೀತಲ್, ಕೆಳಗೆ ಯಾರ್ಯಾರೋ. ಬೆರಳು ಸವೆಯುವಷ್ಟು ಕೆಳಗೆ ಹೋದರೂ ಶಿವಕುಮಾರಿಯ ಸುಳಿವಿಲ್ಲ.

ಕೊನೆಗೆ ಶೀತಲಳ ಪುಟವನ್ನೇ ತೆರೆದು ಓದಿದಳು. ಅವಳು ರೊಟ್ಟಿಯ ಪಕ್ಕದಲ್ಲಿ ಎಲ್ಲ ಕಡೆ 'ಜ್ವಾರಿಚಿ ಭಾಕರಿ' ಎಂದೂ ಬರೆದಿದ್ದಳು. ದಾದರ್‌ನ ಮರಾಠಿ ಜನ ಹುಡುಕುವುದು ಭಾಕರಿಯನ್ನು, ರೊಟ್ಟಿಯನ್ನಲ್ಲ.

"ನಮ್ಮ ರೊಟ್ಟಿಗೆ ಭಾಕರಿ ಅಂತ ಹೆಸರಿಟ್ಟಾಳ ನೋಡ್ರಿ," ಎಂದು ಗಂಡನಿಗೆ ಹೇಳಿದಳು.

"ತಿನ್ನಾವರಿಗೆ ತಿಳೀಬೇಕಲ್ಲ," ಎಂದ ಸುಭಾಷ. "ನೀನೂ ಬರಿ."

"ನಾ ಬರಿಯಂಗಿಲ್ಲ." ಮರುದಿನ ಅವನು ಹೋದ ಮೇಲೆ ಬರೆದಳು. ಆದರೂ ಪುಟ ಇದ್ದಲ್ಲಿಂದ ಅಲುಗಲಿಲ್ಲ. ಬೇರೆ ವೆಬ್‌ಸೈಟಿನವರು ನಿಮ್ಮ ಹೆಸರು ಹೇಳಿ ತಮ್ಮ ಪುಟದಿಂದ ನಿಮ್ಮ ಪುಟಕ್ಕೆ ಲಿಂಕ್ ಕೊಟ್ಟರೆ ಗೂಗಲ್ ನಿಮ್ಮನ್ನು ನಂಬುತ್ತದೆ ಎಂದು ಇನ್ನೊಂದು ವಿಡಿಯೋ ಹೇಳಿತು. ತನಗೆ ಲಿಂಕ್ ಕೊಡುವವರು ಯಾರಿದ್ದಾರೆ? ತಾನು ಏರುವುದಿಲ್ಲ ಎಂದಾದರೆ ಅವಳಾದರೂ ಇಳಿಯಲಿ ಎಂಬ ಯೋಚನೆ ಬಂದದ್ದು ಆಗ.

ಶೀತಲಳ ಪುಟದಲ್ಲಿ ಗಿರಾಕಿಗಳು ಅಭಿಪ್ರಾಯ ಬರೆಯಲು ಜಾಗವಿತ್ತು. ಶಿವಕುಮಾರಿ ಅಲ್ಲಿ 'ಸಂತು, ಠಾಣೆ' ಎಂದು ಗಂಡಸಿನ ಸುಳ್ಳು ಹೆಸರು ಹಾಕಿ, ನಕ್ಷತ್ರ ಒಂದೇ ಒಂದು ಒತ್ತಿದಳು. ರೊಟ್ಟಿಯಲ್ಲಿ ಕೂದಲು ಸಿಕ್ಕಿತು ಎಂದು ಬರೆಯುವ ಯೋಚನೆಯಿತ್ತು. ಆದರೆ ಮಲ್ಲಕ್ಕ ಪೊಟ್ಟಣದಿಂದ ಒಂದು ರೊಟ್ಟಿ ತೆಗೆದು ಕೊಟ್ಟಿದ್ದಳು, ಅದನ್ನು ಇವಳು ಬೆಳಕಿಗೆ ಹಿಡಿದು ನೋಡಿದ್ದಳು. ಸುಳ್ಳು ಬರೆಯಲು ಹೊರಟ ಬೆರಳು ರೊಟ್ಟಿಯ ಮಾತು ಬಂದ ಕೂಡಲೇ ನಿಜವನ್ನೇ ಬರೆಯಿತು: 'ಎಸರು ಕುದಿಯುವ ಮೊದಲೇ ಹಿಟ್ಟು ಹಾಕಿದ್ದಾರೆ. ಹಂಚಿಗೆ ಹಾಕಿ ನೀರು ಸವರಿದ ಮೇಲೆ ನೀರು ಪೂರಾ ಆರುವ ತನಕ ಕಾದಿದ್ದಾರೆ. ಹಸಿ ಇರುವಾಗಲೇ ತಿರುವಿ ಹಾಕಬೇಕು. ಅದಕ್ಕೇ ರೊಟ್ಟಿ ಉಬ್ಬಿಲ್ಲ. ಗಡಿಬಿಡಿ ಮಾಡಿದರೆ ಹೀಗೇ ಆಗುತ್ತದೆ.' ಬರೆದು ಕಳಿಸಿ, ಎದೆ ತಣ್ಣಗಾಯಿತೆಂದುಕೊಂಡು ಮಧ್ಯಾಹ್ನ ಹಾಯಾಗಿ ನಿದ್ದೆ ಮಾಡಿದಳು.

ಸಂಜೆ ನೋಡಿದರೆ ಉತ್ತರ ಬಂದಿತ್ತು: 'ತಪ್ಪು ತೋರಿಸಿದ್ದಕ್ಕೆ ಥ್ಯಾಂಕ್ಸ್. ಇನ್ನು ಮೇಲೆ ಹಸಿ ಇರುವಾಗಲೇ ತಿರುವುತ್ತೇನೆ, ಅಕ್ಕ.'

ಠಾಣೆಯ ಸಂತುವನ್ನು ಯಾರೂ ಅಕ್ಕ ಎನ್ನುವುದಿಲ್ಲ. ಶಿವಕುಮಾರಿಗೆ ಕಿವಿಯವರೆಗೆ ಬಿಸಿಯಾಯಿತು. ಬರೆದದ್ದನ್ನು ಅಳಿಸಲು ಒದ್ದಾಡಿದಳು, ಅಳಿಸುವುದು ಹೇಗೆಂದು ತಿಳಿಯಲಿಲ್ಲ. ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು, ಅಂದು ಯಾರ ಕರೆಯನ್ನೂ ಎತ್ತಲಿಲ್ಲ. ಶೀತಲ್ ಅತ್ತೆಗೆ ಹೇಳಿಬಿಡುತ್ತಾಳೆ, ಊರವರ ಬಾಯಿಗೆಲ್ಲ ಬೀಳುತ್ತೇನೆ ಎಂದು ಕಾದಳು. ಲಕ್ಷ್ಮವ್ವ ಮಾತ್ರ ಎಂದಿನಂತೆ ಸಣ್ಣಾಕಿಯನ್ನು ಹೊಗಳಿ ದೊಡ್ಡಾಕಿಯ ರೊಟ್ಟಿ ತಿಂದು ಮಲಗಿದಳು.

ಬೈಗುಳವೇನೂ ಬರಲಿಲ್ಲ. ಅದರ ಬದಲು ಕೆಲವು ದಿನಗಳಲ್ಲಿ ಮಾಟುಂಗದಿಂದ ಯಾರೋ ಹೆಂಗಸು ಫೋನ್ ಮಾಡಿ, ಮಗಳ ಸೀಮಂತಕ್ಕೆ ರೊಟ್ಟಿ ಬೇಕು ಎಂದಳು. ನಂಬರ್ ಎಲ್ಲಿ ಸಿಕ್ಕಿತು ಎಂದರೆ, ಗೂಗಲಿನಲ್ಲಿ ಎಂದಳು. ಶಿವಕುಮಾರಿ ಕೈ ಒರೆಸಿಕೊಳ್ಳದೆ ಫೋನಿನಲ್ಲಿ ಹುಡುಕಿದಳು. ಮೊದಲ ಪುಟದಲ್ಲೇ ತನ್ನ ಹೆಸರು, ಶೀತಲಳ ಹೆಸರಿನ ಕೆಳಗಿನ ಸಾಲಿನಲ್ಲಿ. ಹಿಗ್ಗಿ ಸುಭಾಷನಿಗೆ ಹೇಳಬೇಕೆನ್ನುವಷ್ಟರಲ್ಲಿ ಅನುಮಾನ ಹುಟ್ಟಿ ಶೀತಲಳ ಪುಟ ತೆರೆದಳು. ಎಲ್ಲಕ್ಕಿಂತ ಮೇಲೆ ಹೊಸದಾಗಿ ಬರೆದಿತ್ತು: 'ನನಗೆ ರೊಟ್ಟಿ ಕಲಿಸಿದ ಅಕ್ಕ ವಿಕ್ರೋಳಿಯಲ್ಲಿದ್ದಾರೆ. ನನ್ನದಕ್ಕಿಂತ ಒಳ್ಳೆಯ ರೊಟ್ಟಿ ಬೇಕಾದರೆ ಇಲ್ಲಿ ಒತ್ತಿ.' ಒತ್ತಿದರೆ ತೆರೆದುಕೊಂಡದ್ದು ಶಿವಕುಮಾರಿಯದೇ ಪುಟ.

ಅವಳಿಗೆ ಅಳು ಬಂತು, ಸಂತೋಷಕ್ಕಲ್ಲ. ಸಾಲದ್ದಕ್ಕೆ ಒಳ್ಳೆಯವಳೂ ಆಗಿಬಿಟ್ಟಳಲ್ಲ ಇವಳು ಎಂದು.

ಅಂದೇ ಸಂಜೆ ಶೀತಲ್ ಫೋನ್ ಮಾಡಿ, ಹಿಂದಿ ಮರಾಠಿ ಬೆರೆಸಿದ ತನ್ನ ಕನ್ನಡದಲ್ಲಿ ಕೇಳಿದಳು. "ಅಕ್ಕಾ, ನಿಮ್ದು ಊಪರ್ ಬಂತಾ?"

"ಬಂತು. ನಿನ್ನ ಕೆಳಗ."

"ಆ ಸಂತು ಬರೆದಿದ್ದು ಓದಿದ ಕೂಡ್ಲೇ, ಲಗೇಚ್ ಗೊತ್ತಾಯ್ತು. ಹಾಗೆ ಬೈಯೋರು ನೀವೊಬ್ರೇ." ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಮುಜ್ಕೋ ಸ್ವಲ್ಪ ಬೇಜಾರ್ ಆಯ್ತು. ಫಿರ್ ಭೀ ನೀವು ಹೇಳಿದ್ದು ಖರೇನೇ ಇತ್ತು. ನನ್ನ ಪೇಜ್ ಮೇಲೆ ನಿಮ್ಮ ಹೆಸರು ನಕೋ ಅಂದ್ರೆ ಹೇಳಿ, ಆತ್ತಾಚ್, ಈಗ್ಲೇ ತೆಗೀತೀನಿ."

ತೆಗೆದರೆ ನಾಳೆ ಮತ್ತೆ ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಜಾರುತ್ತೇನೆ. ಇಟ್ಟುಕೊಂಡರೆ ಜೀವನಪೂರ್ತಿ ಇವಳ ಹೆಗಲ ಮೇಲೆ ಕೂತಿರುತ್ತೇನೆ. ಶಿವಕುಮಾರಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಇರಲಿ, ತೆಗೀಬ್ಯಾಡ," ಎಂದಳು ಕೊನೆಗೆ. ಕ್ಷಮಿಸು ಎನ್ನಬೇಕೆಂದಿದ್ದಳು. ಅದರ ಬದಲು ಬೇರೆಯೇ ಮಾತು ಬಂತು: "ಆದರ ಆ ಫೋಟೋದಾಗಿನ ರೊಟ್ಟಿ ಅಂಚು ಸೀಳ್ಯಾವ. ನೋಡಾಕ ಆಗಂಗಿಲ್ಲ. ಐತ್ವಾರ ಮನಿಗೆ ಬಾ, ಇನ್ನೊಮ್ಮೆ ತೋರಸ್ತೀನಿ."

"ಬರ್ತೀನಿ ಅಕ್ಕ. ಪಕ್ಕಾ," ಎಂದಳು ಶೀತಲ್, ಖುಷಿಯಿಂದ.

ಫೋನ್ ಇಟ್ಟು ಶಿವಕುಮಾರಿ ಸ್ವಲ್ಪ ಹಗುರಾದಳು. ಆಮೇಲೆ, ಭಾನುವಾರ ಕಳೆದ ಮೇಲೆ ಶೀತಲಳ ರೊಟ್ಟಿ ಇನ್ನೂ ಚೆನ್ನಾಗಿ ಬರುತ್ತದೆ, ಅದೂ ತನ್ನ ಕೈಯಿಂದಲೇ, ಎಂಬುದು ಹೊಳೆದು ಅವಳಿಗೆ ಮತ್ತೆ ಹೊಟ್ಟೆ ಉರಿಯತೊಡಗಿತು.