ಕುರ್ಚಿ ನಡೆದು ಬಂದ ದಾರಿ

ಕಂಡಕ್ಟರಮ್ಮನ ಬಸ್ಸಿನಲ್ಲಿ ಜನ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಅಂಥ ಗಟ್ಟಿಗಿತ್ತಿ ಆವತ್ತು ಬೆಳಿಗ್ಗೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿ, ಅದರಲ್ಲಿ ಅವಳ ಅಪ್ಪ. ಲಕ್ವ ಹೊಡೆದು ಮೂರು ವಾರವಾಗಿತ್ತು. ಬಲಗೈ ಬಿದ್ದುಹೋಗಿತ್ತು, ಅದರ ಜೊತೆಗೆ ಮಾತೂ ಹೋಗಿತ್ತು.

ಮಾತು ಹೋಗಿದ್ದಾದರೂ ಯಾರದು ಅಂತೀರಿ! ಇಡೀ ಬೀದಿ ‘ಗೊತ್ತಾ ತಾತ’ ಅಂತ ಕರೆಯುತ್ತಿದ್ದ ಮನುಷ್ಯನದು. ನಿಘಂಟು ಅಚ್ಚುಹಾಕುವ ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಅಚ್ಚುಮೊಳೆ ಜೋಡಿಸಿದವನು ಅವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಕೂರಿಸುತ್ತ ಕೂರಿಸುತ್ತ ಪದಗಳ ಕುಲಗೋತ್ರವೆಲ್ಲ ತಲೆಗೇರಿಬಿಟ್ಟಿತ್ತು. ಹಣ್ಣಿನಂಗಡಿಗೆ ಹೋದರೆ ಅನಾನಸ್ ತಗೊಂಡು ಸುಮ್ಮನೆ ಬರುವ ಆಸಾಮಿಯೇ ಅಲ್ಲ. “ಗೊತ್ತಾ? ಸಮುದ್ರದ ಆ ಕಡೆ ಕಾಡಿನ ಜನ ಇಟ್ಟ ಹೆಸರು ಇದು. ಹಣ್ಣಿನ ಜೊತೆ ಹೆಸರೂ ಹಡಗು ಹತ್ತಿ ಬಂತು!” ಅಂತ ಶುರುಮಾಡಿದರೆ, ಹಿಂದೆ ನಿಂತ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳಬೇಕು.

ಈ ಪುರಾಣವನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಮಗಳು. ಎಲ್ಲರಿಗಿಂತ ಕಡಿಮೆ ಕಿವಿಗೆ ಹಾಕಿಕೊಂಡವಳೂ ಅವಳೇ. ಅಪ್ಪ “ಗೊತ್ತಾ?” ಅನ್ನಬೇಕು, ಇವಳು “ಗೊತ್ತಪ್ಪ, ಗೊತ್ತು” ಅಂತ ಎದ್ದು ಹೋಗಬೇಕು. ವರ್ಷಾನುಗಟ್ಟಲೆ ಇದೇ ನಡೆದಿತ್ತು. ಈಗ ಮೂರು ವಾರದಿಂದ ಮನೆ ಬಿಕೋ ಅನ್ನುತ್ತಿತ್ತು. ಆ ಹಾಳು “ಗೊತ್ತಾ” ಒಂದು ಸಲ ಕೇಳಿಸಿದರೆ ಸಾಕಪ್ಪ ಅಂತ ಅವಳ ಜೀವ ಹಾತೊರೆಯುತ್ತಿತ್ತು.

ಮಾತು ಕಲಿಸುವ ಡಾಕ್ಟರಮ್ಮ ಹಿಂದಿನ ವಾರವೇ ಖಡಾಖಂಡಿತವಾಗಿ ಹೇಳಿದ್ದರು: “ತರಬೇತಿಗೆ ಇರೋದು ಒಂದೇ ಜಾಗ, ಕಾಯ್ತಾ ಇರೋರು ಎಂಟು ಜನ. ಹತ್ತು ಚಿತ್ರ ತೋರಿಸ್ತೀನಿ. ಮೂರಕ್ಕಾದ್ರೂ ಅರ್ಥ ಇರೋ ಮಾತು ಬಂದ್ರೆ ಸೇರಿಸ್ಕೋತೀವಿ. ಬರ್ಲಿಲ್ಲ ಅಂದ್ರೆ ಮನೇಲೇ ನೋಡ್ಕೊಳ್ಳಿ, ನಾನೂ ಏನೂ ಮಾಡಕ್ಕಾಗಲ್ಲ.”

ಆ ಪರೀಕ್ಷೆ ಇವತ್ತು. ಒಳಗೆ ಕರೆದರು. ಪುಟ್ಟ ಕೋಣೆ, ಒಂದು ಮೇಜು, ಮೇಜಿನ ಮೇಲೆ ಚಿತ್ರದ ಕಾರ್ಡುಗಳ ಕಟ್ಟು. ಡಾಕ್ಟರಮ್ಮ ಮೊದಲನೆಯದನ್ನು ಎತ್ತಿ ಹಿಡಿದರು. ಕುರ್ಚಿಯ ಚಿತ್ರ.

ಅಪ್ಪ ಅದನ್ನೇ ದಿಟ್ಟಿಸಿದ. ಎಡಗೈ ಬೆರಳುಗಳು ಗಾಳಿಯಲ್ಲಿ ಏನನ್ನೋ ಹೆಕ್ಕಿದವು. ತುಟಿ ಅದುರಿತು.

“ಗು... ಗುಜಾ.”

ಡಾಕ್ಟರಮ್ಮ ಹಾಳೆಯ ಮೇಲೆ ಅಡ್ಡಗೀಟು ಹಾಕಿದರು. ಆಮೇಲೆ ಕೊಡೆ ಬಂತು, ಅದಕ್ಕೆ ಮೌನ. ಚಾವಿಯ ಚಿತ್ರಕ್ಕೆ “ಕ್ಲಾ... ಕ್ಲಾವಿಸ್” ಅಂದ. ಇನ್ನೊಂದು ಗೀಟು ಬಿತ್ತು. ಬೆಕ್ಕು, ಗಡಿಯಾರ, ಹಾಸಿಗೆ, ಚಪ್ಪಲಿ ಒಂದಾದ ಮೇಲೊಂದು ಬಂದವು, ಹೋದವು. ಪ್ರತಿ ಗೀಟೂ ಮಗಳ ಎದೆಯ ಮೇಲೇ ಬಿದ್ದ ಹಾಗಿತ್ತು. ಎಂಟನೆಯ ಕಾರ್ಡು, ಬಟ್ಟಲು ತುಂಬ ಸಕ್ಕರೆ. ಅದಕ್ಕೆ ಮಾತ್ರ ಅಪ್ಪ ಸ್ಪಷ್ಟವಾಗಿ ಹೇಳಿದ:

“ಜಲ್ಲಿ.”

ಡಾಕ್ಟರಮ್ಮ ಇನ್ನೊಂದು ಗೀಟು ಹಾಕಿ ಪೆನ್ನು ಕೆಳಗಿಟ್ಟರು. ಉಳಿದದ್ದು ಎರಡೇ ಕಾರ್ಡು, ಬೇಕಾದದ್ದು ಮೂರು. “ಬೇಜಾರು ಮಾಡ್ಕೋಬೇಡಿ. ಶಬ್ದ ಬರ್ತಿದೆ, ಆದ್ರೆ ಅರ್ಥ ತಪ್ಪಿಹೋಗಿದೆ. ಸಕ್ಕರೆ ನೋಡಿ ಯಾರಾದ್ರೂ ಜಲ್ಲಿ ಅಂತಾರಾ?”

ಅಂತಾರೆ! ಒಬ್ಬರು ಅಂತಾರೆ. ಮಗಳಿಗೆ ಮೈ ಜುಮ್ಮೆಂದಿತು. ಅವಳು ಲಂಗ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಇದೇ ಅಪ್ಪ ದಿನಾ ಬೆಳಿಗ್ಗೆ ಹಾಲಿನ ಲೋಟ ಹಿಡಿದು ರೇಗಿಸುತ್ತಿದ್ದ: “ಎಷ್ಟು ಚಮಚ ಜಲ್ಲಿ ಹಾಕ್ಲಮ್ಮ? ಗೊತ್ತಾ? ಸಕ್ಕರೆಯ ಬೇರು ಶರ್ಕರಾ. ಶರ್ಕರಾ ಅಂದ್ರೆ ಜಲ್ಲಿ, ಮರಳುಕಲ್ಲು. ಹರಳು ಹರಳಾಗಿ ಕಾಣ್ತಲ್ಲ, ಅದೇ ಹೆಸರು ಅಂಟ್ಕೊಳ್ತು. ಆ ಜಲ್ಲೀನೇ ಊರೂರು ಸುತ್ತಿ ಇಂಗ್ಲಿಷಿನೋರ ಬಾಯಲ್ಲಿ ಶುಗರ್ ಆಯ್ತು!”

“ಒಂದ್ನಿಮಿಷ, ನಿಲ್ಸಿ!” ಅಂತ ಅವಳು ಎದ್ದು ನಿಂತಳು. ಬಸ್ಸಿನ ಗಂಟಲು ಅದು, ಹೊರಗಿದ್ದ ನರ್ಸ್ ಇಣುಕಿ ನೋಡಿದಳು. “ಮೇಡಂ, ಇದು ತಪ್ಪಲ್ಲ. ನಮ್ಮಪ್ಪ ಬೇರಿಂದ ಶುರು ಮಾಡಿದ್ದಾರೆ.”

“ಯಾವ ಬೇರು?”

ಉಸಿರು ತಿರುಗಿಸಿಕೊಳ್ಳದೆ ಅವಳು ಹೇಳಿದಳು. ನಿಘಂಟಿನಲ್ಲಿ ಮೊದಲು ಪದ, ಆಮೇಲೆ ಅರ್ಥ, ಕಟ್ಟಕಡೆಗೆ ಕಂಸದೊಳಗೆ ಪದದ ಬೇರು. ಓದುವವರಿಗೆ ಕಾಣುವುದು ಅದೇ ಕ್ರಮ. ಆದರೆ ಬೇರೆ ಭಾಷೆಗಳ ಬೇರು ತೋರಿಸಲು ಚುಕ್ಕಿ, ಗೀಟು ಇದ್ದ ಮೊಳೆಗಳು ಬೇಕು. ಪ್ರೆಸ್ಸಿನಲ್ಲಿ ಅವು ಇದ್ದದ್ದು ಒಂದು ಹಿಡಿ. ಪುಟವೆಲ್ಲ ಜೋಡಿಸಿ ಕೊನೆಗೆ ಮೊಳೆ ಸಾಲದಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು. ಅದಕ್ಕೇ ಅಪ್ಪ ಪುಟದ ಕಂಸಗಳನ್ನೆಲ್ಲ ಮೊದಲು ಜೋಡಿಸಿ, ಆಮೇಲೆ ಅರ್ಥ, ಎಲ್ಲಕ್ಕೂ ಕೊನೆಗೆ ಪದವನ್ನು ಕೂರಿಸುತ್ತಿದ್ದ. ಮೂವತ್ತೆಂಟು ವರ್ಷ ಅವನ ಕೈ ಪ್ರತಿ ಪದದ ಹತ್ತಿರವೂ ಹಿಂಬಾಗಿಲಿನಿಂದಲೇ ಹೋಗಿತ್ತು.

“ಗುಜಾ ಅಂದ್ರಲ್ಲ, ಅದು ಕುರ್ಚಿಯ ಬೇರು, ಸುಮೇರಿಯನ್ ಅನ್ನೋ ಹಳೇ ಭಾಷೇದು. ನೋಡಿ ಬೇಕಾದ್ರೆ.”

ಡಾಕ್ಟರಮ್ಮ ಅನುಮಾನಿಸುತ್ತಲೇ ಮೊಬೈಲ್ ತೆಗೆದರು. ಹುಡುಕಿದರು, ಓದಿದರು, ಇನ್ನೊಂದು ಸಲ ಓದಿದರು. ಹುಬ್ಬು ಮೇಲೇರಿತು. “ಅಯ್ಯೋ ದೇವರೇ! ಗುಜಾ ಅಂದ್ರೆ ಪೀಠ, ಸಿಂಹಾಸನ!” ಆಮೇಲೆ ನಿಟ್ಟುಸಿರು ಬಿಟ್ಟರು. “ಆದ್ರೂ ನಂಗೆ ನಮ್ಮ ಮಾತು ಬೇಕಲ್ವಾ? ಬಾಯಾರಿಕೆ ಆದಾಗ ಸುಮೇರಿಯನ್ನಲ್ಲಿ ನೀರು ಕೇಳಿದ್ರೆ ಯಾರು ಕೊಡ್ತಾರೆ, ನೀವೇ ಹೇಳಿ.”

ಆ ಮಾತೂ ಸರಿಯೇ. ಮಗಳು ಅಪ್ಪನ ಮುಂದೆ ಮೊಣಕಾಲೂರಿದಳು. ಕುರ್ಚಿಯ ಕಾರ್ಡನ್ನು ಅವನ ತೊಡೆಯ ಮೇಲಿಟ್ಟಳು. ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ, ಸ್ಟಾಪು ಕೂಗುವುದು.

“ಅಪ್ಪಾ, ಗುಜಾ ಸ್ಟಾಪಿಂದ ಬಸ್ ಹೊರಡ್ತು. ಮುಂದಿಂದು ಕುಸ್ಸು. ಹೌದಾ?”

“ಕುಸ್ಸು,” ಅಂದ ಅಪ್ಪ. ಕಣ್ಣಿನಲ್ಲಿ ಮಿಂಚು ಬಂತು.

“ಅದಾದ್ಮೇಲೆ...”

ಅದಾದ ಮೇಲೆ ಏನು? ಪ್ರತಿ ಸಲವೂ ಅವಳು ಗೊತ್ತಪ್ಪ ಗೊತ್ತು ಅಂತ ಎದ್ದು ಹೋಗುತ್ತಿದ್ದದ್ದು ಸರಿಯಾಗಿ ಇಲ್ಲಿಗೇ. ಮುಂದಿನ ದಾರಿ ಅವಳು ಕೇಳಿಯೇ ಇರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿ ಕಣ್ಣು ತುಂಬಿ ಬಂತು. “ಮರ್ತೋಯ್ತಪ್ಪ,” ಅಂತ ಸುಳ್ಳು ಹೇಳಿದಳು.

ಅಪ್ಪ ಅವಳನ್ನು ನೋಡಿದ. ಎಡಗೈ ಮೇಲೆದ್ದಿತು. ಹೆಬ್ಬೆರಳು, ತೋರುಬೆರಳು ಸೇರಿ ಗಾಳಿಯಿಂದ ಒಂದು ಮೊಳೆ ಹೆಕ್ಕಿದವು, ಕೂರಿಸಿದವು. ಇನ್ನೊಂದು ಹೆಕ್ಕಿದವು.

“ಕುರ್... ಕುರ್ಸ್ಯಾ.” ಹಣೆಯ ಮೇಲೆ ಬೆವರು ಒಡೆಯಿತು. “ಕುರ್ಸೀ.” ಕೈ ಗಾಲಿಕುರ್ಚಿಯ ತೋಳಿನ ಮೇಲೆ ಬಂದು ತಟ್ಟಿತು. “ಕುರ್ಚಿ. ಕುರ್ಚಿ!”

ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ಎರಡು ನದಿಗಳ ನಡುವಿನ ನಾಡಿನಲ್ಲಿ ಯಾರೋ ಹಸಿ ಮಣ್ಣಿನ ಮೇಲೆ ಕಡ್ಡಿ ಒತ್ತಿ ಬರೆದ ಮಾತು ಅದು. ಆ ಪೀಠದ ಮೇಲೆ ಕೂತ ರಾಜರು ಮಣ್ಣಾದರು. ಆ ಭಾಷೆ ಆಡುವ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಮಾತು ಮಾತ್ರ ಅಕ್ಕಾಡಿನವರ ನಾಲಿಗೆಗೆ ದಾಟಿ, ಅರಾಮಾಯಿಕ್, ಅರಬ್ಬಿ, ಪಾರ್ಸಿ ಬಾಯಿಗಳಲ್ಲಿ ತಂಗಿ, ಇಲ್ಲಿಯ ತನಕ ನಡೆದು ಬಂದಿತ್ತು. ಬಂದು, ಒಬ್ಬ ಮುದುಕನ ಕುಂಡೆಯ ಕೆಳಗೆ ಗಾಲಿ ಕಟ್ಟಿಕೊಂಡು ಕೂತಿತ್ತು. ಅಷ್ಟು ದೂರದ ಹಾದಿಯನ್ನು ಅಪ್ಪ ಅವಳ ಕಣ್ಣೆದುರೇ ಅರ್ಧ ನಿಮಿಷದಲ್ಲಿ ನಡೆದುಬಿಟ್ಟಿದ್ದ. ಡಾಕ್ಟರಮ್ಮ ತಾವು ಕೂತ ಕುರ್ಚಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು.

ಜಲ್ಲಿ ಶರ್ಕರಾ ಆಗಿ ಸಕ್ಕರೆಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಲ್ಯಾಟಿನ್ನಿನ ಕ್ಲಾವಿಸ್ ಪೋರ್ಚುಗೀಸರ ಹಡಗಿನಲ್ಲಿ ಶಾವಿಯಾಗಿ, ದಡ ಸೇರಿ ಚಾವಿಯಾಯಿತು. ಅಲ್ಲಿಗೆ ಮೂರು. ಡಾಕ್ಟರಮ್ಮ ಮೂರು ಗೀಟುಗಳನ್ನು ಹೊಡೆದುಹಾಕಿ, ತರಬೇತಿಯ ಚೀಟಿ ಬರೆದರು. “ಸೋಮವಾರ ಹತ್ತು ಗಂಟೆಗೆ ಕರ್ಕೊಂಡ್ ಬನ್ನಿ. ನೀವೂ ಇರ್ಬೇಕು, ಸ್ಟಾಪ್ ಕೂಗೋದಕ್ಕೆ,” ಅಂದು ಮೂಗೊರೆಸಿಕೊಂಡರು.

ಲಿಫ್ಟಿನ ಮುಂದೆ ಅಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದ. ಅವಳ ಕೈಯಲ್ಲಿದ್ದ ಚೀಟಿಯ ಕಡೆ ಬೆರಳು ತೋರಿಸಿದ.

“ಗೊ... ಗೊತ್ತಾ?”

ಗೊತ್ತಪ್ಪ, ಗೊತ್ತು ಎಂಬುದು ಅಭ್ಯಾಸಬಲದಿಂದ ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅದನ್ನು ನುಂಗಿಕೊಂಡಳು. ಪಕ್ಕದ ಬೆಂಚಿನ ಮೇಲೆ ಕೂತು ಗಾಲಿಕುರ್ಚಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಗೊತ್ತಿಲ್ಲಪ್ಪ. ಹೇಳು.”

ಅಪ್ಪನ ಬೆರಳು ಗಾಳಿಯಲ್ಲಿ ಮೊದಲ ಮೊಳೆ ಹುಡುಕತೊಡಗಿತು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಇನ್ನೊಂದು ಸಲವೂ ಬಂದು ಹೋಯಿತು. ಕಂಡಕ್ಟರಮ್ಮ ಯಾರಿಗೂ ಇಷ್ಟು ಹೊತ್ತು ಬಸ್ ನಿಲ್ಲಿಸಿದವಳಲ್ಲ.