ಊರೆಲ್ಲ ಹಳದಿಯಾದ ದಿನ

ಚನಬಸಪ್ಪ ಮಾಸ್ತರರು ಆ ಬುಧವಾರ ಮುಂಜಾನೆ ಸಾಲಿಗೆ ಬಂದದ್ದೇ ಅಗಸರವನ ಮೇಲೆ ಸಿಟ್ಟು ಮಾಡಿಕೊಂಡು.

“ನೋಡ್ರಿ ನರ್ಸಬಾಯಾರ, ಧೋತರಾ ಬೆಳ್ಳಗ ಮಾಡಿ ಕೊಡೋ ಅಂದ್ರ ಅರಿಷಿಣದಾಗ ಅದ್ದಿ ತಂದಾನ! ಈ ವಯಸ್ಸಿನ್ಯಾಗ ಮದುಮಗ ಆಗಿ ನಿಂತೇನಿ.”

ರಹೀಮುನ್ನಿಸಾ ನೋಡಿದಳು. ಹೆಡ್‌ಮಾಸ್ತರರ ಧೋತರ ಹಾಲಿನಷ್ಟು ಬೆಳ್ಳಗಿತ್ತು. ಚೇಷ್ಟೆ ಮಾಡುತ್ತಿದ್ದಾರೇನೋ ಎಂದುಕೊಂಡಳು. ಆದರೆ ಚನಬಸಪ್ಪನವರು ಚೇಷ್ಟೆ ಮಾಡುವ ಪೈಕಿ ಅಲ್ಲ.

ಹಳಿಯಾಳದ ಕಟ್ಟಿಗೆ ವ್ಯಾಪಾರಿಗಳು ಕೂಡಿ ನಡೆಸುತ್ತಿದ್ದ ಆ ಸಾಲಿಗೆ ರಹೀಮುನ್ನಿಸಾ ನರ್ಸಾಗಿ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಪ್ಪ ಅಬ್ದುಲ್ ಕರೀಮ ಅದೇ ಊರಲ್ಲಿ ಲಾರಿ ರಿಪೇರಿ ಮಾಡುವ ಮಿಸ್ತ್ರಿ. ಮಗಳನ್ನು ಬೆಳಗಾವಿಗೆ ಕಳಿಸಿ ನರ್ಸಿಂಗ್ ಕಲಿಸಿದ್ದಕ್ಕೆ ನೆಂಟರಿಷ್ಟರ ಕೈಲಿ ಸಾಕಷ್ಟು ಅನ್ನಿಸಿಕೊಂಡವನು. ಅವಳು ಬಿಳಿ ಸೀರೆಯುಟ್ಟು ಔಷಧದ ಪೆಟ್ಟಿಗೆ ಹಿಡಿದು ಪೇಟೆ ದಾಟಿದರೆ ಅಂಗಡಿಯವರು ತಕ್ಕಡಿ ಹಿಡಿದವರು ಹಾಗೇ ನಿಂತು ನೋಡುತ್ತಿದ್ದರು.

ಹಿಂದಿನ ದಿನ ಸಂಜೆ ಜಂತುಹುಳದ ಗುಳಿಗೆ ಕೊಡುವ ಕೆಲಸವಿತ್ತು. ಚಿಕ್ಕ ವರ್ಗದ ಮಕ್ಕಳು ಹಲ್ಲು ಕಚ್ಚಿ ಕೂತುಬಿಟ್ಟಿದ್ದವು. ಆಗ ಮಾಸ್ತರರೇ ಮುಂದೆ ಬಂದು, “ಇಲ್ಲಿ ಕೊಡ್ರಿ,” ಅಂತ ಎರಡು ಗುಳಿಗೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ, “ಪೆಪ್ಪರಮಿಂಟ ಐತಲೇ!” ಅಂದಿದ್ದರು. ಆಮೇಲೆ ಮಕ್ಕಳು ನಾ ಮುಂದು ತಾ ಮುಂದು. ಮರುದಿನ ಬೆಳಿಗ್ಗೆ ಎಲ್ಲರಿಗೂ ಭೇದಿಗೆ ಔಡಲೆಣ್ಣೆ ಕುಡಿಸಿದರೆ ಹುಳದ ಕಾಟ ಮುಗಿಯಿತು ಎಂದು ಅವಳು ಹಗುರಾಗಿ ಮನೆಗೆ ಹೋಗಿದ್ದಳು.

ಅಷ್ಟರಲ್ಲಿ ಅಂಗಳದಿಂದ ಕೂಗು ಕೇಳಿಸಿತು.

“ಬಾಯಾರ, ಸುಣ್ಣದ ಗ್ವಾಡಿ ಹಳದಿ ಆಗೇತ್ರಿ!”

“ಆಕಾಶ ಹಸರ ಆಗೇತಿ ನೋಡ್ರಿ!”

ಮಕ್ಕಳು ಕುಣಿಯುತ್ತಿದ್ದವು. ಒಂದು ಮಗು ಸುಣ್ಣದ ಕಡ್ಡಿ ಎತ್ತಿ ತೋರಿಸಿತು, ಇನ್ನೊಂದು ಗೆಳೆಯನ ಹಲ್ಲು ನೋಡಿ ಹೊಟ್ಟೆ ಹಿಡಿದು ನಕ್ಕಿತು. ರಹೀಮುನ್ನಿಸಾಳಿಗೆ ಬೆಳಗಾವಿಯಲ್ಲಿ ಕಲಿತ ಪಾಠ ನೆನಪಾಯಿತು: ಈ ಗುಳಿಗೆ ತುಸು ಹೆಚ್ಚಾದರೆ ಕಣ್ಣಿಗೆ ಹಳದಿ ಕವಿಯುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ, ತೀರಾ ಹೆಚ್ಚಾದರೆ ಫಿಟ್ಸು ಬರಬಹುದು.

ಓಡಿಹೋಗಿ ಬಾಟಲಿ ತೆಗೆದಳು. ಎರಡನೇ ಮಹಾಯುದ್ಧದ ದಿನಗಳು, ಮೊದಲಿನ ಕಂಪನಿಯ ಗುಳಿಗೆ ಸಿಗದೆ ಬೇರೆಯದು ಬಂದಿತ್ತು. ಬಣ್ಣ ಅದೇ, ಆಕಾರ ಅದೇ, ಬಲ ಮಾತ್ರ ಎರಡು ಪಟ್ಟು. ಚೀಟಿಯ ಮೇಲೆ ಬರೆದೇ ಇತ್ತು. ಅವಳು ಓದದೆ, ಹಳೆಯ ರೂಢಿಯಂತೆ ಎರಡೆರಡು ಹಂಚಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಗಸರವನಿಗೆ ಬೈಗುಳ ಬೀಳುತ್ತಿತ್ತು, ಸಂಜೆಗೆ ಕಣ್ಣು ತಿಳಿಯಾಗುತ್ತಿತ್ತು. ಆ ವಿಚಾರ ಮನಸ್ಸಿಗೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ನೆಟ್ಟಗೆ ಹೆಡ್‌ಮಾಸ್ತರರ ಕೋಣೆಗೆ ಹೋದಳು.

“ಸರ, ಅಗಸರವಂದು ತಪ್ಪಿಲ್ರಿ. ತಪ್ಪು ನಂದು.” ನಡೆದದ್ದನ್ನೆಲ್ಲ ಒಂದೇ ಉಸುರಿಗೆ ಹೇಳಿದಳು.

ಮಾಸ್ತರರು ಧೋತರದ ಚುಂಗು ಎತ್ತಿ ಕಣ್ಣ ಹತ್ತಿರ ಹಿಡಿದರು. “ಹಂಗಾದ್ರ ಇದು ಬೆಳ್ಳಗ ಐತಿ?”

“ಬೆಳ್ಳಗ ಐತ್ರಿ.”

“ಪಾಪ, ಅವನಿಗೆ ಸುಮ್ಮಸುಮ್ಮನ ಬೈದೆ.” ಮರುಗಳಿಗೆಯೇ ಮುಖ ಗಂಭೀರವಾಯಿತು. “ಮಕ್ಕಳಿಗೇನು ಆಗೂದಿಲ್ಲಲ್ಲ? ಈಗ ಏನ ಮಾಡೂಣು ಹೇಳ್ರಿ.”

ಏನು ಮಾಡೂಣು ಎಂದು ಅವರು ಕೇಳಿದ್ದೇ ಅವಳಿಗೆ ಧೈರ್ಯ ಕೊಟ್ಟಿತು. ಮಕ್ಕಳನ್ನೆಲ್ಲ ನೆರಳಿನ ಪಡಸಾಲೆಯಲ್ಲಿ ಕೂಡಿಸಿದಳು. ಒಬ್ಬೊಬ್ಬರ ಕಣ್ಣು, ನಾಡಿ ನೋಡಿದಳು. ಔಡಲೆಣ್ಣೆ ಕುಡಿಸಿದಳು, ಮೊದಲ ಚಮಚ ಮಾಸ್ತರರಿಗೇ ಹೋಯಿತು. ದವಾಖಾನೆಯ ಡಾಕ್ಟರಿಗೆ ಹೇಳಿ ಕಳಿಸಿದಳು. ಅವರು ಬಂದು ನೋಡಿ, “ಎಲ್ಲಾ ಬರೋಬ್ಬರಿ ಮಾಡೀರಿ. ಎಣ್ಣಿ ಔಷಧಾ ಹೊರಗ ಹಾಕತೈತಿ. ಸಣ್ಣ ಕೂಸುಗಳ ಮ್ಯಾಲ ಮಾತ್ರ ಕಣ್ಣಿರಲಿ,” ಅಂದರು.

ಸಣ್ಣ ಕೂಸು ಎಂದೊಡನೆ ಅವಳಿಗೆ ಜುಬೇದಾ ನೆನಪಾದಳು. ಕಾಡಂಚಿನ ಸಿದ್ದಿ ಜನರ ಕೇರಿಯಿಂದ ನಡೆದು ಬರುತ್ತಿದ್ದ, ಎಲ್ಲರಿಗಿಂತ ಚಿಕ್ಕವಳು. ಹಿಂದಿನ ದಿನ ಗುಳಿಗೆ ನುಂಗಿದ್ದ ಅವಳು ಈ ದಿನ ಸಾಲಿಗೆ ಬಂದಿರಲಿಲ್ಲ.

ಅವಳು ಅಪ್ಪನ ಹತ್ತಿರ ಓಡಿದಳು. ಅಬ್ದುಲ್ ಕರೀಮನ ಬಳಿ ರಿಪೇರಿಗೆ ಬಂದ ಲಾರಿ ಒಂದಿತ್ತು. ಪೆಟ್ರೋಲು ಸಿಗದ ಕಾಲ. ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಗಾಡಿ. ಮಗಳ ಮುಖ ನೋಡಿದವನೇ ಅಪ್ಪ ಒಲೆ ಹೊತ್ತಿಸಿದ. ಗಾಳಿ ಊದುವ ಫ್ಯಾನು ತಿರುವಲು ಬೇರೆ ಆಳಿರಲಿಲ್ಲ. ರಹೀಮುನ್ನಿಸಾ ಸೆರಗು ಬಿಗಿದು ತಾನೇ ತಿರುವಿದಳು.

ಕಾಡಿನ ದಾರಿಯಲ್ಲಿ ಅವಳು ಮೆಲ್ಲಗೆ ಕೇಳಿದಳು, “ಅಬ್ಬಾ, ನನ್ನ ನೌಕರಿ ಹೋಕ್ಕೈತೇನೋ?”

“ನೌಕರಿ ಮಾತು ಆಮ್ಯಾಲ. ಮೊದಲ ಕೂಸು ನೋಡೂಣು,” ಅಂದ ಅವನು, ಏರಿನಲ್ಲಿ ಗೇರು ಬದಲಿಸುತ್ತ.

ಕೇರಿಯ ಅಂಗಳದಲ್ಲಿ ಜುಬೇದಾ ಒರಳಿನ ಮೇಲೆ ಪಟ್ಟದ ರಾಣಿಯಂತೆ ಕೂತಿದ್ದಳು. ಸುತ್ತಲಿನ ಮಕ್ಕಳು ಒಂದೊಂದೇ ಸಾಮಾನು ತಂದು ತೋರಿಸುತ್ತಿದ್ದವು. “ಬಿಳೇ ಕೋಳಿ?” “ಹಳದಿ!” “ಅನ್ನ?” “ಹಳದಿ!” ಪ್ರತಿ ಉತ್ತರಕ್ಕೂ ಕೇಕೆ. ಆ ಕೇಕೆ ಕೇಳಿದಾಗ ರಹೀಮುನ್ನಿಸಾಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆದರೆ ಅಜ್ಜಿ ದೌಲತಬಿ ಬಾಗಿಲಲ್ಲಿ ಬೇರು ತೇಯುತ್ತಿದ್ದಳು. “ಕೂಸಿಗೆ ಕಾಮಾಲಿ ಆಗೇತಿ ಬಾಯಿ. ಎಲ್ಲಾ ಹಳದಿ ಕಾಣತೈತಂತ. ಇನ್ನೇನು ಔಷಧಾ ಹಾಕೂದ.”

“ಹಾಕಬ್ಯಾಡ್ರಿ ನಾನಿ! ಒಂದ ನಿಮಿಷ.” ರಹೀಮುನ್ನಿಸಾ ಹುಡುಗಿಯ ರೆಪ್ಪೆ ಎತ್ತಿ ಅಜ್ಜಿಗೆ ತೋರಿಸಿದಳು. “ಕಣ್ಣು ನೋಡ್ರಿ, ಬೆಳ್ಳಗ ಅದಾವ. ಇದು ಕಾಮಾಲಿ ಅಲ್ಲ. ನಿನ್ನೆ ನಾನು ಗುಳಿಗಿ ಹೆಚ್ಚಿಗಿ ಕೊಟ್ಟೇನಿ. ತಪ್ಪಾತು. ಅದನ್ನ ಹೇಳಾಕ ಬಂದೇನಿ, ಮಗೂನ್ನ ನೋಡಾಕ ಬಂದೇನಿ.”

ಅಜ್ಜಿ ತೇಯುವುದನ್ನು ನಿಲ್ಲಿಸಿದಳು. ಅವಳನ್ನು ಅಡಿಯಿಂದ ಮುಡಿತನಕ ನೋಡಿದಳು. ಕೆನ್ನೆಗೆ ಮಸಿ, ಸೀರೆಗೆ ಮಸಿ, ಅಂಗೈಯಲ್ಲಿ ಬೊಬ್ಬೆ. “ಇಷ್ಟ ಹೇಳಾಕ ಇಲ್ಲೀತನಕ ಬಂದ್ಯಾ?” ಅಂದು ಎದ್ದು ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು.

ಇನ್ನು ಔಡಲೆಣ್ಣೆ. ಜುಬೇದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ರಹೀಮುನ್ನಿಸಾ ತಾನೇ ಒಂದು ಚಮಚ ಕುಡಿದು ಹುಣಸೆಕಾಯಿ ತಿಂದ ಮಂಗನಂತೆ ಮುಖ ಕಿವುಚಿದಳು. ಹುಡುಗಿ ಫಕ್ಕನೆ ನಕ್ಕಳು; ನಕ್ಕ ಬಾಯಿಗೆ ಚಮಚ ಹೋಯಿತು.

ಆಮೇಲೆ ಕಾಯುವ ಕೆಲಸ. ದೌಲತಬಿ ಅಪ್ಪ ಮಗಳಿಬ್ಬರಿಗೂ ರೊಟ್ಟಿ, ಜೇನುತುಪ್ಪ ಕೊಟ್ಟು ಉಣ್ಣಿಸಿದಳು. ರಹೀಮುನ್ನಿಸಾ ಆಗಾಗ ನಾಡಿ ನೋಡುತ್ತ ಹುಡುಗಿಯ ಜೊತೆ ಕಲ್ಲಾಟ ಆಡಿದಳು. ಒಂದು ಸಲವೂ ಗೆಲ್ಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಜುಬೇದಾ ಕಣ್ಣು ತಿಕ್ಕಿಕೊಂಡು ಅವಳನ್ನೇ ನೋಡಿದಳು.

“ಬಾಯಾರ, ನಿಮ್ಮ ಸೀರಿ ಹಳದಿ ಹೋತ್ರಿ. ಆದ್ರ ಬೆಳ್ಳಗ ಆಗಿಲ್ಲ. ಬಾಳ ಹೊಲಸ ಆಗೇತಿ!”

ಕೇರಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅಬ್ದುಲ್ ಕರೀಮ. ಹೊರಡುವಾಗ ಲಾರಿ ಮುಷ್ಕರ ಹೂಡಿತು. ಗಂಡಸರು, ಹೆಂಗಸರು, ಮಕ್ಕಳು ಕೂಡಿ ಹೋ ಎಂದು ದಿಣ್ಣೆಯ ತುದಿತನಕ ನೂಕಿಕೊಟ್ಟರು.

ಮರುದಿನ ಸಾಲಿಯ ಗಂಟೆ ಹೊಡೆಯುವ ಮೊದಲೇ ದೌಲತಬಿ ಬಾಗಿಲಲ್ಲಿದ್ದಳು. ಒಂದು ಕೈಯಲ್ಲಿ ಜುಬೇದಾ; ಸೆರಗು ಹಿಡಿದು ಇನ್ನೂ ಇಬ್ಬರು ಹೊಸ ಹುಡುಗಿಯರು, ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು, ಹೆದರಿ ಕಣ್ಣರಳಿಸಿಕೊಂಡು.

“ಇವಕ್ಕೂ ಹೆಸರ ಹಚ್ಚಕೋರಿ ಮಾಸ್ತರ್ರ. ಇಷ್ಟ ದಿವಸ ಇವರ ಅವ್ವಗಳು ಹೆದರತಿದ್ರು. ನಮ್ಮ ಮಕ್ಕಳಿಗೆ ಏನಾರ ಆದ್ರ ಯಾರ ಕೇಳತಾರ ಅಂತ.” ರಹೀಮುನ್ನಿಸಾಳ ಕಡೆ ಗದ್ದ ತೋರಿದಳು. “ಈಕಿ ಕೇಳತಾಳ.”

ಚನಬಸಪ್ಪನವರು ಹುಡುಗಿಯರ ಹೆಸರು ಕೇಳಿ ಬರೆದುಕೊಂಡರು. ರಹೀಮುನ್ನಿಸಾ ಇಬ್ಬರ ಕೈಯನ್ನೂ ಹಿಡಿದು ಚಿಕ್ಕ ವರ್ಗಕ್ಕೆ ಕರೆದೊಯ್ದಳು. ಒಳಗಿನಿಂದ ಜುಬೇದಾ ಆಗಲೇ ಚಾಪೆ ಹಾಸಿ, ತನ್ನ ಆಚೀಚೆ ಜಾಗ ಬಿಟ್ಟು, “ಲಗೂನ ಬರ್ರೆ!” ಅಂತ ಕೂಗುತ್ತಿದ್ದಳು.