ಎಡಗಡೆಯ ಸ್ಪೀಕರು

"ಇದರ ಜೋಡಿ ಎಲ್ಲಿ?"

ಊರೆಲ್ಲ ಕಿವಿ ಮೇಷ್ಟ್ರು ಎನ್ನುತ್ತಿದ್ದ ತಮ್ಮನ ದೇಹವನ್ನು ಹೊರಗೆ ತರಲು ಜಾಗ ಮಾಡುತ್ತಿದ್ದ ಅಕ್ಕ, ಸ್ಪೀಕರನ್ನು ಗೋಡೆಗೆ ತಳ್ಳಿ ಸುತ್ತ ಕಣ್ಣಾಡಿಸಿದರು. ಕುರ್ಚಿಯೂ ಒಂದೇ, ಲೋಟವೂ ಒಂದೇ.

"ಊರಿಗೆಲ್ಲ ಜೋಡಿ ಹೊಂದಿಸಿಕೊಟ್ಟ ಮನುಷ್ಯ, ತನ್ನ ಮನೇಲಿ ಒಂಟಿ ಸ್ಪೀಕರ್ ಇಟ್ಕೊಂಡಿದ್ದಾರಲ್ಲ!" ಎಂದರು ಮೇಷ್ಟ್ರು ಕೆಲಸಕ್ಕಿದ್ದ ಸ್ಪೀಕರ್ ಅಂಗಡಿಯ ಯಜಮಾನರು.

ಬಾಗಿಲ ಮೂಲೆಯಲ್ಲಿ ಗೋಡೆಗಂಟಿ ನಿಂತಿದ್ದ ಪುಟ್ಟಿಗೆ ಉತ್ತರ ಗೊತ್ತಿತ್ತು.

*

ಅವಳು ಆ ಅಂಗಡಿಗೆ ಕಸ ಗುಡಿಸಲು ಸೇರಿದವಳು. ಮೇಷ್ಟ್ರು ಅಲ್ಲಿ ಗಿರಾಕಿಗಳಿಗೆ ಸ್ಟೀರಿಯೊ, ಹೋಮ್ ಥಿಯೇಟರ್ ಆರಿಸಿಕೊಡುವವರು. "ಡಬ್ಬದ ಮೇಲಿನ ನಂಬರ್ ನೋಡಿ ಮರುಳಾಗ್ಬೇಡಿ. ನಿಮಗೆ ಬಾಯಿಪಾಠ ಇರೋ ಹಾಡು ತನ್ನಿ, ಹಾಕಿ ಕೇಳೋಣ" ಎನ್ನುತ್ತಿದ್ದರು. ಗಿರಾಕಿಯ ಮನೆಗೂ ಹೋಗಿ, ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಅದು ಗೋಡೆಗಳಿಂದ ಹೇಗೆ ಮರಳುತ್ತದೆಂದು ಕೇಳಿದ ಮೇಲೇ ಮಾತು.

ಒಂದು ದಿನ ಗಿರಾಕಿಯ ಮುಂದೆಯೇ ಎಡಗಡೆಯ ವಯರು ಕಳಚಿ, ಆ ಸ್ಪೀಕರು ಮೂಕಾಯಿತು. ಮೇಷ್ಟ್ರು ಮಾತ್ರ "ಎರಡೂ ಕಡೆ ಎಷ್ಟು ಸಮ ಇದೆ ನೋಡಿ" ಎನ್ನುತ್ತಲೇ ಇದ್ದರು. ಗಿರಾಕಿ ಬಾಯಿ ತೆರೆಯುವ ಮೊದಲೇ ಪುಟ್ಟಿ ಧೂಳು ಒರೆಸುವವಳಂತೆ ಬಗ್ಗಿ ವಯರು ಸಿಕ್ಕಿಸಿದಳು. ಅದನ್ನು ಕಂಡು ಮೇಷ್ಟ್ರ ಮುಖ ಬಿಳಿಚಿಕೊಂಡಿತು.

ಮರುದಿನದಿಂದ ಅವಳ ಜಾಗ ಅವರ ಎಡಗಡೆ. ಅವಳು ಅವರ ತೋಳನ್ನು ಒಮ್ಮೆ ಮುಟ್ಟಿದರೆ ಎಡಗಡೆಯ ಸದ್ದು ಸರಿಯಿದೆ, ಎರಡು ಸಲ ಮುಟ್ಟಿದರೆ ಸ್ಪೀಕರನ್ನು ಹಿಂದೆ ಸರಿಸಬೇಕು. ರಸ್ತೆಯಲ್ಲಿ ಎಡದಿಂದ ಗಾಡಿ ಬಂದರೂ ಮುಟ್ಟುತ್ತಿದ್ದಳು. ಕೇಳದ ಆ ಎಡಗಿವಿಯ ಮಾತನ್ನು ಇಬ್ಬರೂ ಯಾವತ್ತೂ ಎತ್ತಲಿಲ್ಲ.

*

"ನಮ್ಮನೇಲಿ ಎಡಗಡೆ ಸ್ಪೀಕರ್ ಅರ್ಧ ಗೇಣು ಹಿಂದಕ್ಕಿಡಿ ಅಂದ್ರು. ಇಟ್ಟ ತಕ್ಷಣ ಹಾಡೇ ಬೇರೆ ಆಯ್ತು!" ಎಂದರು ಸಾವಿನ ಮನೆಗೆ ಬಂದಿದ್ದ ಪಕ್ಕದ ಬೀದಿಯ ದರ್ಜಿ. "ಎಂಥಾ ಕಿವಿ ಸ್ವಾಮಿ ಅದು!"

"ಆ ಕಿವಿಯೇ ಹೋದ್ಮೇಲೆ ಅಂಗಡೀಲಿ ಹಾಡು ಕೇಳಿಸೋ ಕೋಣೆ ಯಾಕೆ? ಮುಚ್ಚಿಬಿಡ್ತೀನಿ." ಯಜಮಾನರು ಪುಟ್ಟಿಯತ್ತ ತಿರುಗಿದರು. "ನೀನೂ ಬೇರೆ ಕಡೆ ಕೆಲಸ ನೋಡ್ಕೊಳಮ್ಮ."

ಆ ಅರ್ಧ ಗೇಣು ನನ್ನದು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟು ಅಂದಿದ್ದರೆ ಕೆಲಸ ಉಳಿಯುತ್ತಿತ್ತು. ಮೇಷ್ಟ್ರ ಹೆಸರು ಉಳಿಯುತ್ತಿರಲಿಲ್ಲ.

"ಇನ್ನೊಂದು ಸ್ಪೀಕರನ್ನ ಯಾರೋ ಹೊಡ್ಕೊಂಡು ಹೋಗಿದಾರೆ." ಅಕ್ಕ ಅವಳನ್ನೇ ದಿಟ್ಟಿಸಿದರು.

"ಇಲ್ಲಮ್ಮ. ತಗೊಂಡಿದ್ದೇ ಒಂದು," ಎಂದಳು ಪುಟ್ಟಿ. "ಒಬ್ಬನೇ ಇರೋನಿಗೆ ಒಂದು ಸಾಕು ಅಂತಿದ್ರು."

ಹತ್ತು ವರ್ಷದಿಂದ ಆ ಹೊಸ್ತಿಲು ತುಳಿಯದಿದ್ದ ಅಕ್ಕ ಸ್ಪೀಕರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸತೊಡಗಿದರು.

ವ್ಯಾನು ಬಂತು; ದೇಹವನ್ನು ಅದರೊಳಗೆ ಮಲಗಿಸಿದರು. "ಈ ಕಡೆ ಜಾಗ ಇದೆ, ಬಾರಮ್ಮ," ಎಂದು ದರ್ಜಿ ಕರೆದರೂ, ಪುಟ್ಟಿ ಮೇಷ್ಟ್ರ ಕಾಲ ಬಳಿಯಿಂದ ಸುತ್ತಿಬಂದು ಅವರ ಎಡಗಡೆ ಕುಳಿತಳು.

ತಿರುವಿನಲ್ಲಿ ಎಡಗಡೆಯಿಂದ ಬಸ್ಸೊಂದು ಜೋರಾಗಿ ಹಾರನ್ ಹೊಡೆಯಿತು. ಪುಟ್ಟಿಯ ಕೈ ತಾನಾಗಿ ಚಾಚಿ, ಬಿಳಿ ಬಟ್ಟೆಯ ಮೇಲಿಂದ ಅವರ ತೋಳನ್ನು ಮುಟ್ಟಿತು.